ಸುಟ್ಟ ಕೈಗೆ ಕೊಬ್ಬು ತುಂಬೋದು ಶೋಕಿಯಲ್ಲ

ಲೈಪೋಸಕ್ಷನ್ ಅಂದ ತಕ್ಷಣ ಸಿನಿಮಾ ನಟಿಯರ ಸೊಂಟ ನೆನಪಾಗುತ್ತೆ, ಅಲ್ವಾ? ಹಾಗೆ ಹೊಟ್ಟೆಯಿಂದ ತೆಗೆದ ಕೊಬ್ಬನ್ನು ಸುಟ್ಟ ಕಲೆಯಿರೋ ಕೈಗೂ ತುಂಬುತ್ತಾರೆ. "ಜೀವ ಉಳೀತಲ್ಲ, ಇನ್ನು ಅಂದಚಂದ ಯಾಕೆ?" ಅನ್ನೋರು ನಮ್ಮಲ್ಲಿ ಬಹಳ ಮಂದಿ. ನನ್ನ ತಕರಾರು ಆ ಮಾತಿನ ಮೇಲೇ.

ಭೀಮಾ ದಂಡೆಯ ದೇವಣಗಾಂವದಂಥ ಊರಲ್ಲಿ ಕೈ ಅಂದ್ರೆ ರೊಟ್ಟಿ ಬಡಿಯೋ ಕೈ, ಕಳೆ ಕೀಳೋ ಕೈ. ಕೈಯ ಹಿಂಬದಿಯ ಚರ್ಮ ಬಹಳ ತೆಳು. ಅದು ಆಳವಾಗಿ ಸುಟ್ಟರೆ ಕಲೆ ಗಟ್ಟಿಯಾಗಿ ಒಳಗಿನ ನರಗಳಂಥ ಹುರಿಗಳಿಗೆ ಅಂಟಿಕೊಳ್ಳುತ್ತೆ. ಆಮೇಲೆ ಮುಷ್ಟಿ ಕಟ್ಟೋಕೂ ಆಗಲ್ಲ, ಬೆರಳು ಬಿಚ್ಚೋಕೂ ಆಗಲ್ಲ. ಅಂದರೆ ನೋಡೋಕೆ ವಿಕಾರ ಅನ್ನಿಸೋ ಕಲೆಯೇ ಕೆಲಸವನ್ನೂ ಕಿತ್ತುಕೊಂಡಿರುತ್ತೆ. ಎರಡನ್ನೂ ಬೇರೆ ಬೇರೆ ಮಾಡೋದು ಹೇಗೆ?

ಕಲೆ ಮತ್ತು ಹುರಿಗಳ ನಡುವೆ ಕೊಬ್ಬಿನ ಮೆತ್ತನೆ ಪದರ ಕೂರಿಸಿದರೆ ಚರ್ಮ ಸಡಿಲಾಗಿ ಸರಿದಾಡಬಹುದು ಅನ್ನೋದು ಲೆಕ್ಕಾಚಾರ. ತೆಳು ನಳಿಗೆಯಿಂದ ಕೊಬ್ಬು ತೆಗೆದು, ಸೆಂಟ್ರಿಫ್ಯೂಜಲ್ಲಿ ತಿರುಗಿಸಿ, ಹನಿಹನಿಯಾಗಿ ತುಂಬೋ ವಿಧಾನವನ್ನು 1990ರ ದಶಕದಲ್ಲಿ ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ ಜನಪ್ರಿಯ ಮಾಡಿದರು. ತುಂಬಿದ್ದರಲ್ಲಿ ಒಂದಷ್ಟು ಕರಗಿಹೋಗುತ್ತೆ.

ಇದು ಪವಾಡ ಅಂತ ನಾನು ಹೇಳ್ತಿಲ್ಲ. 2017ರಲ್ಲಿ ಪ್ರಕಟವಾದ, ಮಕ್ಕಳ ಸುಟ್ಟ ಕಲೆಗಳ ಮೇಲಿನ ಒಂದು ಪುಟ್ಟ ಪರೀಕ್ಷೆಯಲ್ಲಿ ಕಲೆಯ ರೂಪ ಸುಧಾರಿಸಲಿಲ್ಲ. ಬಿಗಿದ ಕಲೆಯನ್ನು ಬಿಡಿಸಿ ಚರ್ಮ ಕಸಿ ಮಾಡೋದು, ಪಟ್ಟಿ ಕಟ್ಟಿ ಬೆರಳು ನೆಟ್ಟಗಿಡೋದು, ದಿನಾ ವ್ಯಾಯಾಮ... ಇವೆಲ್ಲ ಮೊದಲು, ಕೊಬ್ಬು ಆಮೇಲೆ.

ಆದರೆ ಆ ಮೊದಲಿನವೇ ನಮ್ಮ ಹಳ್ಳಿಗಳಿಗೆ ದೂರ. ಗಾಯ ಒಣಗಿದರೆ ಚಿಕಿತ್ಸೆ ಮುಗೀತು ಅಂದುಕೊಳ್ತೀವಿ. ಬೆರಳು ಮಡಚಿಕೊಳ್ಳೋದು ಬಹಳ ಸಲ ಅದರ ನಂತರವೇ! ವ್ಯಾಯಾಮ ಮಾಡಿಸೋರು ತಾಲೂಕು ಆಸ್ಪತ್ರೆಯಲ್ಲೇ ಸಿಗಬೇಕು, ಅದಕ್ಕೂ ಬೆಂಗಳೂರು ಬಸ್ಸು ಹತ್ತೋ ಹಾಗಿರಬಾರದು.

ಬೆಂಗಳೂರಿನ ಡಾ. ಪ್ರೇಮಾ ಧನರಾಜ್ 8ನೇ ವಯಸ್ಸಿನಲ್ಲಿ ಸ್ಟೋವ್ ಸಿಡಿದು ಸುಟ್ಟುಕೊಂಡವರು. ಮುಂದೆ ತಾವೇ ಪ್ಲಾಸ್ಟಿಕ್ ಸರ್ಜನ್ ಆಗಿ, ಸುಟ್ಟವರಿಗಾಗಿ 'ಅಗ್ನಿ ರಕ್ಷಾ' ಕಟ್ಟಿದರು. 2024ರಲ್ಲಿ ಪದ್ಮಶ್ರೀ ಬಂತು. ಅವರು ಜೀವ ಉಳಿದಿದ್ದೇ ಸಾಕು ಅಂತ ಸುಮ್ಮನಿದ್ದಿದ್ದರೆ?

ಸೌಂದರ್ಯ ಚಿಕಿತ್ಸೆಗೆ ದುಡ್ಡು ಕೊಡದ ನಮ್ಮ ಆರೋಗ್ಯ ವಿಮೆಯ ನಿಯಮ ಕೂಡ ಸುಟ್ಟಗಾಯದ ನಂತರದ ಮರುಜೋಡಣೆಯನ್ನು ಆ ಪಟ್ಟಿಯಿಂದ ಹೊರಗಿಟ್ಟಿದೆ. ವಿಮೆಯವರಿಗೇ ಅರ್ಥವಾದದ್ದು ನಮಗೆ ಯಾಕೆ ಆಗಬಾರದು? ಸೆರಗಿನಲ್ಲಿ ಕೈ ಮುಚ್ಚಿಕೊಳ್ಳದೆ ಸಂತೆಗೆ ಹೋಗೋದೂ ಬದುಕಿನ ಒಂದು ಕೆಲಸವೇ ಅಂತ ನನಗನ್ನಿಸುತ್ತೆ. ನೀವೇನಂತೀರಿ?