ಹೈವೇ ಮರ ಬೆಳಗಾಗುವುದರೊಳಗೆ, ನಮ್ಮೂರ ಮರ ಎಂಟು ದಿನಕ್ಕೆ

ಪುನರ್ವಸು ಮಳೆಯ ಗಾಳಿ ಬೀಸಿದ ರಾತ್ರಿ ಹೆದ್ದಾರಿಗೆ ಅಡ್ಡ ಬಿದ್ದ ಮರ, ಬೆಳಗಿನ ಮೊದಲ ಬಸ್ಸು ಬರುವುದರೊಳಗೆ ತೆರವಾಗಿತ್ತು. ಅದೇ ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗೆ, ನಮ್ಮೂರ ದಾರಿಗೆ ಬಿದ್ದ ಅಕೇಶಿಯಾ ಎಂಟನೇ ದಿನವೂ ಅಲ್ಲೇ ಮಲಗಿತ್ತು. ಹುಡುಗರು ಕತ್ತಿಯಲ್ಲಿ ಕೊಂಬೆ ಸವರಿ ಬೈಕು ತೂರುವಷ್ಟು ಜಾಗ ಮಾಡಿಕೊಂಡರು. ಹಾಲಿನ ಗಾಡಿ ಬರಲಿಲ್ಲ. ಶಾಲೆಯ ವ್ಯಾನ್ ಬರಲಿಲ್ಲ. ಗ್ಯಾಸ್ ಸಿಲಿಂಡರನ್ನು ಮರದ ಆಚೆ ಇಳಿಸಿ ಹೋದರು, ಹೊತ್ತು ತಂದದ್ದು ನಾವು.

ಹೆದ್ದಾರಿ ಮೊದಲು ಎನ್ನುವುದಕ್ಕೆ ನಮ್ಮ ತಕರಾರಿಲ್ಲ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದರೆ ನಮ್ಮೂರ ಅಂಗಡಿಗೂ ತರಕಾರಿ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಏನಾಯಿತೆಂದು ಎಲ್ಲರೂ ನೋಡಿದ್ದೇವೆ. ಅಂಥ ಕಡೆ ಮೊದಲು ಮಿಷನ್ ಹೋಗಲೇಬೇಕು. ನಾವು ಕೇಳುತ್ತಿರುವುದು ಇಷ್ಟೇ: ಹೆದ್ದಾರಿ ಆದ ಮೇಲೆ ಯಾವುದು? ಆಮೇಲೆ ಯಾವುದು? ನಮ್ಮ ದಾರಿಯ ಸರದಿ ಎಷ್ಟನೆಯದು? ಐದನೇ ದಿನ ಎಂದು ಹೇಳಿದರೂ ಸರಿ, ತಡೆದುಕೊಳ್ಳುತ್ತೇವೆ. ಆದರೆ ಯಾರ ಹತ್ತಿರವೂ ಪಟ್ಟಿಯೇ ಇಲ್ಲ. ಪಟ್ಟಿ ಇಲ್ಲದ ಕಡೆ ಯಾರ ಫೋನು ಜೋರೋ ಅವರ ದಾರಿ ಮೊದಲು. ದೊಡ್ಡವರೊಬ್ಬರು ಮದುವೆಗೆ ಬರುತ್ತಾರೆಂದರೆ ಒಂದೇ ಮಧ್ಯಾಹ್ನದಲ್ಲಿ ಗರಗಸ, ಜೆಸಿಬಿ, ಆಳು ಎಲ್ಲ ಎಲ್ಲಿಂದಲೋ ಉದುರುತ್ತವೆ.

ಇದರ ಬೇರು ಒಂದೇ, ರಸ್ತೆ ಯಾರದು ಎಂಬ ಗೊಂದಲ. ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ನಂಬರ್ ಕೊಡುತ್ತಾರೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಒಳಗಿನ ಹಳ್ಳಿ ರಸ್ತೆ ಪಂಚಾಯತ್ ರಾಜ್ ವ್ಯವಸ್ಥೆಯದ್ದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮೊದಲ 5 ವರ್ಷ ನಿರ್ವಹಣೆ ಗುತ್ತಿಗೆದಾರನ ಹೊಣೆ. ಮರ ಅರಣ್ಯ ಇಲಾಖೆಯ ಲೆಕ್ಕ, ಮರದಡಿ ಸಿಕ್ಕ ತಂತಿ ವಿದ್ಯುತ್ ಕಂಪನಿಯ ಲೆಕ್ಕ. ಬಿದ್ದದ್ದು ಒಂದು ಮರ, ಬರಬೇಕಾದವರು ಮೂರು ಕಚೇರಿಯವರು! ತಂತಿಯವರು ಬಂದು ಲೈನ್ ಬಿಡಿಸದೆ ಮರದವರು ಮುಟ್ಟುವುದಿಲ್ಲ, ಮರ ತೆಗೆಯದೆ ರಸ್ತೆಯವರು ಬರುವುದಿಲ್ಲ.

ನಿಮ್ಮ ದಾರಿ ಯಾವ ಜಾತಿಯದು ಎಂದು ತಿಳಿಯಲು ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣ ಇದ್ದರೆ ಗ್ರಾಮ ಸಡಕ್ ರಸ್ತೆ. ಕಲ್ಲೇ ಇಲ್ಲದಿದ್ದರೆ? ನಮ್ಮೂರದ್ದು ಅದೇ ಜಾತಿ.

ಎಂಟು ದಿನ ದಾರಿ ಕಟ್ಟಿದರೆ ಏನಾಗುತ್ತದೆ ಎಂದು ಕಚೇರಿಯಲ್ಲಿ ಕೂತವರಿಗೆ ಗೊತ್ತಾಗುವ ಹಾಗೆ ಹೇಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಈಗ ಹಳ್ಳಿಗಳಲ್ಲೂ ಇದ್ದಾರೆ. ಅವರಿಗೆ ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಮರದ ಆ ಕಡೆ ನಿಲ್ಲುತ್ತದೆ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರಬೇಕು, ಅದೂ ಜಾರುವ ಕೆಸರಿನಲ್ಲಿ. ಡೇರಿಗೆ ಹೋಗದ ಹಾಲಿಗೆ ಯಾರೂ ಪರಿಹಾರ ಕೊಡುವುದಿಲ್ಲ. ಹಸು ಮಾತ್ರ ದಾರಿ ಕಟ್ಟಿದೆ ಎಂದು ಹಾಲು ನಿಲ್ಲಿಸುವುದಿಲ್ಲವಲ್ಲ. ಅಡಿಕೆಗೆ ಎರಡನೇ ಮದ್ದು ಹೊಡೆಯುವ ಹೊತ್ತು ಇದೇ. ಮೈಲುತುತ್ತ, ಸುಣ್ಣ ತರಲಾಗದೆ ನಾಲ್ಕು ದಿನ ತಡವಾದರೆ ಕೊಳೆ ಹತ್ತಿ ಎಳೆಕಾಯಿ ಬುಡಕ್ಕೆ ಉದುರುತ್ತದೆ. ಈ ನಷ್ಟ ಮಳೆಹಾನಿಯ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

‘ನೀವೇ ಊರವರು ಸೇರಿ ಕಡಿದುಕೊಳ್ಳಿ’ ಎಂಬ ಮಾತು ನಮಗೆ ಸಿಟ್ಟು ತರಿಸುತ್ತದೆ. ಊರವರು ಕಡಿಯುವುದಿಲ್ಲ ಎಂದಲ್ಲ, ಮಲೆನಾಡಿನಲ್ಲಿ ಅರ್ಧ ದಾರಿ ಬಿಡಿಸುವುದೇ ಊರವರು. ಆದರೆ ಬಗ್ಗಿ ನಿಂತ ಕಾಂಡಕ್ಕೆ ಗರಗಸ ಹಾಕಿದರೆ ಅದು ಬಿಲ್ಲಿನ ಹಾಗೆ ಚಿಮ್ಮುತ್ತದೆ. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಯಾರಿಗಾದರೂ ಪೆಟ್ಟಾದರೆ ‘ನಿಮಗೆ ಕಡಿಯಲು ಹೇಳಿದವರು ಯಾರು’ ಎನ್ನುತ್ತಾರೆ. ನಾಟಾ ಬದಿಗೆ ಸರಿಸಿದರೆ ಅದಕ್ಕೂ ವಿಚಾರಣೆ. ದಾರಿ ನಿಮ್ಮದು, ಮರ ನಮ್ಮದು ಎಂಬ ನ್ಯಾಯ ಇದು.

ಹಿಮ ಬೀಳುವ ದೇಶಗಳಲ್ಲೂ ಇದೇ ಜಗಳ ಇದೆ. ಅಲ್ಲಿ ಮರದ ಬದಲು ಮೊಣಕಾಲುದ್ದ ಹಿಮ, ಹೆದ್ದಾರಿಯ ಬದಲು ಪೇಟೆಯ ದೊಡ್ಡ ಬೀದಿ. 1969ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಮನೆಬೀದಿಗಳಲ್ಲಿ ದಿನಗಟ್ಟಲೆ ಹಿಮ ತೆಗೆಯಲಿಲ್ಲ. ನೋಡಲು ಹೋದ ಮೇಯರ್ ಜಾನ್ ಲಿಂಡ್ಸೆ ಅವರ ಕಾರೇ ಹಿಮದಲ್ಲಿ ಸಿಕ್ಕಿಕೊಂಡಿತು, ಜನ ಕೂಗಿ ಛೀಮಾರಿ ಹಾಕಿದರು. ಅವರು ಆ ವರ್ಷ ಹೇಗೋ ಮತ್ತೆ ಗೆದ್ದರು. 1979ರಲ್ಲಿ ಶಿಕಾಗೊ ಮೇಯರ್ ಮೈಕೆಲ್ ಬಿಲಾಂಡಿಕ್ ಅವರಿಗೆ ಆ ಅದೃಷ್ಟ ಇರಲಿಲ್ಲ. ಜನವರಿಯಲ್ಲಿ ಹಿಮ ಬಿತ್ತು, ಬೀದಿ ತೆರವು ಹದಗೆಟ್ಟಿತು, ಫೆಬ್ರವರಿಯಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲಿ ಜೇನ್ ಬೈರ್ನ್ ಎದುರು ಸೋತರು. ಈಗ ನ್ಯೂಯಾರ್ಕಿನಲ್ಲಿ ಯಾವ ಬೀದಿಗೆ ಹಿಮ ತೆಗೆಯುವ ಗಾಡಿ ಯಾವಾಗ ಹೋಯಿತೆಂದು ಜನ ಫೋನಿನಲ್ಲೇ ನೋಡಬಹುದು. ನಮಗೆ ಅಷ್ಟು ಬೇಡ. ಪಂಚಾಯಿತಿ ಗೋಡೆಯ ಮೇಲೆ ಒಂದು ಹಾಳೆ ಸಾಕು.

ಆ ಹಾಳೆ ಮೃಗಶಿರ ಮಳೆಗೆ ಮೊದಲೇ, ಮೇ ತಿಂಗಳಲ್ಲಿ ಅಂಟಬೇಕು. ಪಂಚಾಯಿತಿಯ ಯಾವ ದಾರಿ ಯಾರ ಹೊಣೆ, ಯಾವುದು ಮೊದಲು, ಯಾವುದು ಆಮೇಲೆ, ಯಾರಿಗೆ ಫೋನ್ ಮಾಡಬೇಕು, ಇಷ್ಟು ಅದರಲ್ಲಿರಲಿ. ರೋಗಿಗಳು, ದಿನ ತುಂಬಿದ ಬಸುರಿಯರು ಇರುವ ಕೇರಿ ಯಾವುದೆಂದು ಆಶಾ ಕಾರ್ಯಕರ್ತೆಗೆ ಬಾಯಿಪಾಠ ಇರುತ್ತದೆ, ಅವರನ್ನು ಕೇಳಿಯೇ ಸರದಿ ಬರೆಯಬೇಕು. ನಮ್ಮ ಪ್ರಕಾರ ಇದೇ ಮುಖ್ಯ. ಊರಿನಲ್ಲೇ ಇರುವ ಜೆಸಿಬಿ ಮತ್ತು ಗರಗಸದ ಮಿಷನ್ ಮಾಲೀಕರ ಜೊತೆ ಗಂಟೆಯ ಬಾಡಿಗೆ ಮೊದಲೇ ಮಾತಾಡಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಈಗ ಅವರು ಬರದಿರುವುದು ಸೋಮಾರಿತನದಿಂದಲ್ಲ, ಹೋದ ವರ್ಷದ ಬಿಲ್ಲು ಬಂದಿಲ್ಲ ಎಂದು. ಇನ್ನು ರಸ್ತೆಗೆ ವಾಲಿದ ಕೊಂಬೆ ಸವರುವುದು, ಚರಂಡಿ ಬಿಡಿಸುವುದು ಬೇಸಿಗೆಯ ಕೆಲಸ, ಅದಕ್ಕೆ ಹೊಸ ಯೋಜನೆಯೇನೂ ಬೇಡ.

ಅಧಿಕಾರ ಇಲ್ಲ ಎನ್ನುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಮಿನಲ್ಲಿ ಅವಶೇಷ ತೆರವು ಮಾಡಿಸುವ ಅಧಿಕಾರ ಜಿಲ್ಲಾ ಪ್ರಾಧಿಕಾರಕ್ಕೆ ಇದೆ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಮೂರು ಕಚೇರಿಯವರನ್ನು ಒಂದೇ ಗಾಡಿಯಲ್ಲಿ ಕೂರಿಸಿ ಕಳಿಸಲು ಅಷ್ಟು ಸಾಲದೇ?

ಕೆಳಗಿನವರನ್ನು ಬೈದು ಪ್ರಯೋಜನವಿಲ್ಲ. ಜಡಿಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಮೇಲೆ ಕೂಗಾಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅದು ಬೇಡ. ಮರ ಬಿದ್ದ ದಿನ, ಫೋನ್ ಮಾಡಿದ ಹೊತ್ತು, ತೆಗೆದ ದಿನ ಬರೆದಿಡಿ. ಫೋಟೊ ತೆಗೆದಿಡಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯದೆ ಬರಬೇಡಿ. ಆರು ತಿಂಗಳಿಗೊಮ್ಮೆ ನಡೆಯಲೇಬೇಕಾದ ಗ್ರಾಮಸಭೆಯಲ್ಲಿ ಅದನ್ನು ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಆಶ್ಲೇಷ, ಮಘ ಎರಡೂ ಇನ್ನೂ ಬಾಕಿ ಇವೆ, ನಮ್ಮ ದಾರಿಯ ತಿರುವಿನಲ್ಲಿ ವಾಲಿ ನಿಂತ ಅಕೇಶಿಯಾಗಳು ಇನ್ನೂ ಆರಿವೆ.