ಶಿಸ್ತೆಂದರೆ ಅಲುಗಾಡದಿರುವುದೇ?

ಅಭ್ಯಾಸ ಬೋಧನೆಯಲ್ಲಿ ತರಗತಿಯ ಶಿಸ್ತನ್ನೂ ಅಳೆಯುತ್ತೇವೆ. ಅಲುಗಾಡದೆ ಕೂರುವುದೇ ಶಿಸ್ತೆಂದುಕೊಂಡರೆ, ಕೀಲುಗಳು ಅತಿಯಾಗಿ ಬಾಗುವ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳ ಮುಖ್ಯ ಪ್ರೋಟೀನ್ ಕೊಲಾಜನ್. ಈ ರಜ್ಜುಗಳು ಸಡಿಲವಾಗಿದ್ದರೆ ಕೀಲನ್ನು ಸ್ಥಿರವಾಗಿಡಲು ಸ್ನಾಯುಗಳು ಹೆಚ್ಚು ದುಡಿಯಬೇಕು. ಅನೇಕರಿಗೆ ಇದರಿಂದ ತೊಂದರೆಯಿಲ್ಲ; ಕೆಲವರಿಗೆ ಮಾತ್ರ ದೀರ್ಘಕಾಲದ ನೋವು, ದಣಿವು. ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು. ಹಾಗಾಗಿ ಮಗುವಿನ ನೋವು ನಮಗೆ ನೆಪದಂತೆ ಕೇಳಿಸುತ್ತದೆ.

ನನ್ನ ಕೀಲುಗಳೂ ಹೀಗೆಯೇ. ಅವಧಿಯ ನಡುವೆ ಸ್ವಲ್ಪ ಕುಳಿತರೆ ಪಾಠ ನಿಲ್ಲುವುದಿಲ್ಲ. ಮರುದಿನದ ಪಾಠಕ್ಕೂ ಶಕ್ತಿ ಉಳಿಯುತ್ತದೆ. ನೋವು ನಿರ್ವಹಣೆಯೆಂದರೆ ಬಹುಪಾಲು ಇಂಥ ಹಂಚಿಕೆಯೇ.

ಬಿಡದಿ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಪಾಠ ಮಾಡುವ ನಮಗೆ ಇದು ಹೊಸದಾಗಬೇಕಿಲ್ಲ. ಒಂದೇ ಕೀಲಿಗೆ ಸತತ ಹೊರೆ ಬೀಳದಂತೆ ಕೆಲಸ ಅದಲುಬದಲು ಮಾಡುವ ಪದ್ಧತಿ ವಾಹನ ಉದ್ಯಮದಲ್ಲಿದೆ. ದೊಡ್ಡವರ ದೇಹಕ್ಕೆ ಒಪ್ಪುವ ತತ್ವ ಮಕ್ಕಳಿಗೇಕೆ ಒಪ್ಪದು?

ದಪ್ಪ ಪೆನ್ಸಿಲ್, ಬರವಣಿಗೆಯ ನಡುವೆ ಎರಡು ನಿಮಿಷ ಬಿಡುವು, ಎದ್ದು ನಿಲ್ಲುವ ಅನುಮತಿ, ಕೆಲವು ಉತ್ತರಗಳಿಗೆ ಮೌಖಿಕ ಅವಕಾಶ: ಇವಕ್ಕೆ ಖರ್ಚೇನಿಲ್ಲ. ಯೋಗದ ಅವಧಿಯಲ್ಲಿ ಚೆನ್ನಾಗಿ ಬಾಗುವ ಮಗುವನ್ನು ಮುಂದೆ ನಿಲ್ಲಿಸಿ ಇನ್ನಷ್ಟು ಬಾಗಿಸುವುದು ಬೇಡ. ಅದಕ್ಕೆ ಬೇಕಿರುವುದು ಸ್ನಾಯುಬಲ.

ವಿಕಲಚೇತನ ಮಕ್ಕಳ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು 2016ರ ಹಕ್ಕುಗಳ ಕಾಯ್ದೆ ಶಾಲೆಗಳಿಂದ ಕೇಳುತ್ತದೆ. ಎರಡು ನಿಮಿಷದ ಬಿಡುವಿಗೆ ಪ್ರಮಾಣಪತ್ರವನ್ನು ಕಾಯಬೇಕಿಲ್ಲ. ನಮ್ಮ ವೀಕ್ಷಣಾ ಪತ್ರಿಕೆಗೆ ಒಂದು ಸಾಲು ಸೇರಲಿ: ಮಕ್ಕಳಿಗೆ ಭಂಗಿ ಬದಲಿಸಲು ಅವಕಾಶವಿತ್ತೇ?