ಮೂಲ ‘ಸ್ಟಾರ್ ವಾರ್ಸ್’ ಬಚ್ಚಿಡುವ ಹಕ್ಕು ಯಾರಿಗಿದೆ?

ಜಾರ್ಜ್ ಲ್ಯೂಕಸ್ ನಿರ್ದೇಶನದ ‘ಸ್ಟಾರ್ ವಾರ್ಸ್’ ಅಮೆರಿಕದಲ್ಲಿ ತೆರೆಕಂಡದ್ದು 1977ರ ಮೇ 25ರಂದು. ಅಂದು ಜನ ಸಾಲುಗಟ್ಟಿ ನಿಂತು ನೋಡಿದ ಆ ಚಿತ್ರ ಸ್ಟ್ರೀಮಿಂಗ್‌ನಲ್ಲಿಲ್ಲ, ಬ್ಲೂ-ರೇ ಡಿಸ್ಕ್‌ನಲ್ಲೂ ಬಂದಿಲ್ಲ. ಡಿಸ್ನಿ ಪ್ಲಸ್‌ನಲ್ಲಿ ಅದೇ ಹೆಸರಿನಲ್ಲಿ ಕಾಣುವುದು 1997, 2004, 2011 ಮತ್ತು 2019ರಲ್ಲಿ ಕಂತುಕಂತಾಗಿ ತಿದ್ದಿದ ಪ್ರತಿ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಮತ್ತು 1983ರ ‘ರಿಟರ್ನ್ ಆಫ್ ದಿ ಜೇಡೈ’ ಚಿತ್ರಗಳ ಪಾಡೂ ಇದೇ. ಅಭಿಮಾನಿಗಳ ಸಿಟ್ಟನ್ನು ಹಳೆಯದರ ಮೋಹವೆಂದು ತಳ್ಳಿಹಾಕುವವರಿದ್ದಾರೆ. ಆ ಸಿಟ್ಟು ನ್ಯಾಯವಾದದ್ದು. ತನ್ನ ಚಿತ್ರವನ್ನು ಮತ್ತೆ ತಿದ್ದುವ ಹಕ್ಕು ನಿರ್ದೇಶಕನಿಗಿರಲಿ. ಜನ ಆಗಲೇ ನೋಡಿ ಮೆಚ್ಚಿದ ರೂಪವನ್ನು ಕೈಗೆ ಸಿಗದಂತೆ ಮಾಡುವ ಹಕ್ಕು ಅದರೊಳಗೆ ಸೇರುವುದಿಲ್ಲ.

ಬಣ್ಣ, ಸದ್ದು ಹಸನು ಮಾಡಿದ್ದಷ್ಟೇ ಆಗಿದ್ದರೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ಮಾಸ್ ಐಸ್ಲಿಯ ಮದ್ಯದಂಗಡಿಯ ದೃಶ್ಯವನ್ನೇ ನೋಡಬಹುದು. ಮೂಲದಲ್ಲಿ, ಹಾನ್ ಸೋಲೊನನ್ನು ಹಿಡಿಯಲು ಬಂದ ಗ್ರೀಡೋ ಬಂದೂಕು ಗುರಿಯಿಟ್ಟು ಎದುರಿಗೆ ಕೂತಿದ್ದಾನೆ. ಹಾನ್ ಮಾತಾಡುತ್ತಲೇ ಮೇಜಿನ ಕೆಳಗೆ ತನ್ನ ಬಂದೂಕನ್ನು ಮೆಲ್ಲನೆ ಈಚೆಗೆಳೆದು ಸುಟ್ಟುಬಿಡುತ್ತಾನೆ. ಆಮೇಲೆ ಎದ್ದು, ಆದ ಗಲೀಜಿಗೆಂದು ಅಂಗಡಿಯವನತ್ತ ನಾಣ್ಯ ಚಿಮ್ಮಿ ನಡೆಯುತ್ತಾನೆ. ಇಷ್ಟು ಕಟುಕನಾದ ಕಳ್ಳಸಾಗಣೆದಾರ ಕೊನೆಯ ಯುದ್ಧದಲ್ಲಿ ಗೆಳೆಯನಿಗಾಗಿ ಮರಳಿ ಬರುತ್ತಾನೆಂಬುದೇ ಆ ಪಾತ್ರದ ತಿರುಳು. 1997ರಲ್ಲಿ ಗ್ರೀಡೋನೇ ಮೊದಲು ಗುಂಡು ಹಾರಿಸುವಂತೆ ಮಾಡಲಾಯಿತು. ಮೇಜಿನಾಚೆ ಕೂತವನ ಗುರಿ ತಪ್ಪುತ್ತದೆ. 2004ರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹಾರಿಸಿದರು. 2019ರಲ್ಲಿ ಗ್ರೀಡೋನ ಬಾಯಿಗೆ ಹೊಸದೊಂದು ಮಾತು ಬಂತು. ಹಾನ್ ಆತ್ಮರಕ್ಷಣೆಗೆ ಗುಂಡು ಹಾರಿಸಿದವನಾದರೆ ಅವನು ಬದಲಾಗುವುದಕ್ಕೆ ಉಳಿಯುವುದೇ ಕಡಿಮೆ.

ಮೊದಲಿನದು ಅರೆಬರೆ, ತಿದ್ದಿದ್ದೇ ತಾನು ಬಯಸಿದ ಚಿತ್ರ ಎಂಬುದು ಲ್ಯೂಕಸ್ ವಾದ. ಆದರೆ ‘ಎಂಪೈರ್’ ನಿರ್ದೇಶಿಸಿದವರು ಅರ್ವಿನ್ ಕರ್ಷ್‌ನರ್. ‘ಜೇಡೈ’ ನಿರ್ದೇಶಿಸಿದವರು ರಿಚರ್ಡ್ ಮಾರ್ಕ್ವಾಂಡ್. ಮಾರ್ಕ್ವಾಂಡ್ 1987ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅವರ ಚಿತ್ರಕ್ಕೆ ಹೊಸ ಹಾಡು-ಕುಣಿತ ತುರುಕಲಾಯಿತು. ಕೊನೆಯ ದೃಶ್ಯದಲ್ಲಿ ಅನಾಕಿನ್ ಪಾತ್ರದ ಆತ್ಮವಾಗಿ ನಿಂತಿದ್ದ ನಟ ಸೆಬಾಸ್ಟಿಯನ್ ಶಾ 1994ರಲ್ಲಿ ನಿಧನರಾದರು. 2004ರ ಡಿವಿಡಿಯಲ್ಲಿ ಅವರನ್ನು ಅಳಿಸಿ ಹೇಡನ್ ಕ್ರಿಸ್ಟೆನ್‌ಸನ್ ಅವರನ್ನು ನಿಲ್ಲಿಸಲಾಯಿತು. ಬೇಡವೆನ್ನಲು ಮಾರ್ಕ್ವಾಂಡ್ ಆಗಲಿ ಶಾ ಆಗಲಿ ಇರಲಿಲ್ಲ. ಮೊದಲ ಚಿತ್ರದ ಸಂಕಲನಕ್ಕೆ ಪಾಲ್ ಹರ್ಷ್, ಮಾರ್ಸಿಯಾ ಲ್ಯೂಕಸ್, ರಿಚರ್ಡ್ ಚ್ಯೂ ಆಸ್ಕರ್ ಪಡೆದಿದ್ದರು. ಪುಟ್ಟ ಮಾದರಿ ನೌಕೆಗಳನ್ನು ಕೈಯಾರೆ ಕಟ್ಟಿ ಚಿತ್ರಿಸಿದ ತಂಡಕ್ಕೂ ಆಸ್ಕರ್ ಬಂದಿತ್ತು. ಆ ಕೈಕೆಲಸದ ಎಷ್ಟೋ ಭಾಗ ಈಗ ಕಂಪ್ಯೂಟರ್ ಚಿತ್ರಗಳ ಹಿಂದೆ ಮರೆಯಾಗಿದೆ.

1988ರಲ್ಲಿ, ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವುದರ ವಿರುದ್ಧ ಅಮೆರಿಕದ ಸಂಸತ್ತಿನ ಮುಂದೆ ಖಡಾಖಂಡಿತವಾಗಿ ಮಾತಾಡಿದವರು ಇದೇ ಲ್ಯೂಕಸ್. ಕಲಾಕೃತಿ ಸಮಾಜದ ಪರಂಪರೆ, ಅದನ್ನು ವಿರೂಪಗೊಳಿಸುವುದು ಅನಾಗರಿಕತೆ ಎಂದಿದ್ದರು. ಮರುವರ್ಷ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಆಯ್ಕೆಯಾದ ಮೊದಲ 25 ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಸೇರಿತು. ದೇಶ ಹಾಗೆ ಗೌರವಿಸಿದ್ದು ತಿದ್ದದ ಚಿತ್ರವನ್ನು.

ತಾಂತ್ರಿಕ ಅಡಚಣೆಯ ಸಬೂಬು ನಿಲ್ಲುವುದಿಲ್ಲ. 2006ರಲ್ಲಿ ಮೂಲ ಆವೃತ್ತಿಗಳನ್ನು ಡಿವಿಡಿಯ ಹೆಚ್ಚುವರಿ ಡಿಸ್ಕ್ ಆಗಿ ಕೊಟ್ಟಾಗ 1993ರ ಲೇಸರ್‌ಡಿಸ್ಕ್ ಪ್ರತಿಯನ್ನೇ ದಾಟಿಸಿ ಕೈತೊಳೆದುಕೊಳ್ಳಲಾಯಿತು. ಅಭಿಮಾನಿಗಳೋ ಹಳೆಯ 35 ಎಂಎಂ ಪ್ರಿಂಟ್ ಹುಡುಕಿ, ಸ್ಕ್ಯಾನ್ ಮಾಡಿ, ‘4ಕೆ77’ ಎಂಬ ಪ್ರತಿ ಸಿದ್ಧಪಡಿಸಿದರು. ಬಿಡಿ ಅಭಿಮಾನಿಗಳು ಮಾಡಿದ್ದು ಚಿತ್ರಗಳ ಒಡೆತನವಿರುವ ಲ್ಯೂಕಸ್‌ಫಿಲ್ಮ್ ಕಂಪನಿಗೆ ಕಷ್ಟವೇ? 2025ರ ಜೂನ್‌ನಲ್ಲಿ ಲಂಡನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1977ರ ಟೆಕ್ನಿಕಲರ್ ಪ್ರಿಂಟನ್ನೇ ಪ್ರದರ್ಶಿಸಿತು.

ಬೇರೆಯವರು ಮೂಲವನ್ನು ಬಚ್ಚಿಟ್ಟಿಲ್ಲ. ಸ್ಟೀವನ್ ಸ್ಪಿಲ್‌ಬರ್ಗ್ 2002ರಲ್ಲಿ ‘ಇ.ಟಿ.’ ಚಿತ್ರದ ಪೊಲೀಸರ ಕೈಯಿಂದ ಬಂದೂಕು ತೆಗೆಸಿ ವಾಕಿಟಾಕಿ ಕೊಟ್ಟರು. ಮುಂದೆ ಅದಕ್ಕೆ ವಿಷಾದಿಸಿ, 2012ರ ಬ್ಲೂ-ರೇಯಲ್ಲಿ ಮೂಲವನ್ನೇ ತಂದರು. ‘ಬ್ಲೇಡ್ ರನ್ನರ್’ ಚಿತ್ರದ 2007ರ ಡಿಸ್ಕ್ ಪೆಟ್ಟಿಗೆಯಲ್ಲಿ ಐದು ಆವೃತ್ತಿಗಳಿದ್ದವು. 2012ರಿಂದ ಲ್ಯೂಕಸ್‌ಫಿಲ್ಮ್ ಡಿಸ್ನಿಯ ಒಡೆತನದಲ್ಲಿದೆ, ಹೊಣೆಯೂ ಅದರದೇ. ಚಿತ್ರಕ್ಕೆ 2027ರಲ್ಲಿ 50 ತುಂಬುತ್ತದೆ. ನಾಲ್ಕು ದಿನ ಚಿತ್ರಮಂದಿರದಲ್ಲಿ ತೋರಿಸಿ ಮತ್ತೆ ಕಪಾಟಿಗೆ ಸೇರಿಸಿದರೆ ಸಾಲದು. ಮೂರೂ ಮೂಲ ಚಿತ್ರಗಳನ್ನು ಫಿಲ್ಮ್‌ನಿಂದಲೇ ಹಸನುಗೊಳಿಸಿ, ತಿದ್ದಿದವುಗಳ ಪಕ್ಕದಲ್ಲಿ, ಬಯಸಿದವರು ಬಯಸಿದಾಗ ನೋಡುವಂತೆ ಖಾಯಂ ಆಗಿ ಇಡಬೇಕು.